ಜೈಂಟ್ ವೀಲಿಗೆ ಟವೆಲ್ ಹಾಕಿದ ಸಿಂಗ್ರಿ

ಹೂಂಗುಟ್ಟೋರು ಇದ್ದರೆ ಹೇಳ್ತೀನಿ, ಇಲ್ಲದಿದ್ದರೆ ಎಲೆ ಅಡಿಕೆ ಹಾಕ್ಕೊಂಡು ಸುಮ್ಮನಿರ್ತೀನಿ. ಇದ್ದೀರಾ? ಹಾಗಾದರೆ ಕೇಳಿ.

ಒಂದೂರಲ್ಲಿ ಒಬ್ಬಳು ಅವ್ವ, ಅವಳಿಗೆ ಒಬ್ಬನೇ ಮಗ. ಮಗನ ಹೆಸರು ಸಿಂಗ್ರಿ. ಬಾಗಿಲಲ್ಲಿ ಬಗ್ಗಿ ಬರಬೇಕು, ಅಷ್ಟೆತ್ತರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ ಕೆಲಸ ಮಾಡಲ್ಲ ಅಂತ ಅವನ ಮೇಲೆ ಯಾರೂ ದೂರು ಹೇಳೋ ಹಾಗಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಅದೇ ತೊಂದರೆ! "ಮಳೆ ಬಂದ್ರೆ ರಾಗಿ ಒಳಕ್ಕೆ ತಗೊಳ್ಲಾ" ಅಂದರೆ, ಮುಗಿಲು ಕಪ್ಪಾದರೂ ಕೈಕಟ್ಟಿ ನಿಂತಿರೋನು. ಯಾಕಪ್ಪ ಅಂದರೆ, "ಇನ್ನೂ ಬಂದಿಲ್ಲ ಕಣವ್ವ!"

ಅವ್ವನ ಹೆಸರು ಸಾಕಮ್ಮ. ಹೆಸರಿಗೆ ಮಾತ್ರ ಸಾಕಮ್ಮ, ಪಕ್ಕದ ಮನೆಯಲ್ಲಿ ಏನಿದ್ದರೂ ಅವಳಿಗೂ ಬೇಕು. ಪಕ್ಕದ ಮನೆ ಯಾರದ್ದು? ಮೈದುನನ ಹೆಂಡತಿ ಇಂದ್ರಮ್ಮನದ್ದು. ಎರಡು ಮನೆಗೂ ಒಂದೇ ಗೋಡೆ. ಇಂದ್ರಮ್ಮ ಮಿಕ್ಸಿ ತಂದರೆ, ತನ್ನ ಮನೆಗೂ ಮಿಕ್ಸಿ ಬರೋ ತನಕ ಸಾಕಮ್ಮನಿಗೆ ಚಟ್ನಿ ರುಚಿಸುತ್ತಿರಲಿಲ್ಲ. ಅದು ತಪ್ಪು ಅಂತ ನಾನು ಅನ್ನಲ್ಲ. ನನ್ನ ವಾರಗಿತ್ತಿ ಹೊಸ ಓಲೆ ಹಾಕ್ಕೊಂಡಾಗ ನಾನೂ ಎರಡು ದಿನ ಊಟ ಬಿಟ್ಟವಳೇ!

ಹೀಗಿರುವಾಗ ಕ್ರಿಸ್‌ಮಸ್ ರಜ ಬಂತು. ಇಂದ್ರಮ್ಮನ ಮಗ ಯೋಗೇಶ ಅವಳನ್ನ ಪೇಟೆ ಆಚೆಗಿರೋ ಆಟದ ಪಾರ್ಕಿಗೆ ಕರಕೊಂಡು ಹೋದ. ಹೋದವಳು ಸುಮ್ಮನೆ ಬಂದಳಾ? ಫೋಟೋ ತಂದಳು! ಜೈಂಟ್ ವೀಲಿನ ತೊಟ್ಟಿಲಲ್ಲಿ ಇಂದ್ರಮ್ಮ! ಕಣ್ಣಿಗೆ ಕಪ್ಪು ಕನ್ನಡಕ! ಒಂದು ಕೈ ಮೇಲೆ! ಸೆರಗು ಗಾಳಿಗೆ! ಅದಕ್ಕೆ ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಹಾಲಿನವಳು ನೋಡಿದಳು, ಬಳೆಗಾರ ನೋಡಿದ, ಊರೇ ನೋಡಿತು.

"ಅಕ್ಕಾ, ಮೇಲಿಂದ ನೋಡುದ್ರೆ ಜನ ಇರುವೆ ಹಂಗೆ ಕಾಣ್ತಾರೆ! ನೀನೂ ಒಂದ್ಸಲ ಹೋಗ್ಬರ್ಬೇಕು ಕಣಕ್ಕ. ಆದ್ರೆ ನಿನ್ನ ಯಾರು ಕರ್ಕಂಡು ಹೋದಾರು, ಪಾಪ!" ಅಂದಳು ಇಂದ್ರಮ್ಮ.

ಆ ಕೊನೆಯ 'ಪಾಪ' ಸಾಕಮ್ಮನ ಎದೆಗೆ ಹೋಗಿ ನಾಟಿತು. ಮುದ್ದೆ ತಟ್ಟೆ ದೂಡಿ ಎದ್ದಳು. ರಜ ಮುಗಿಯೋದರೊಳಗೆ ತಾನೂ ಅದೇ ಚಕ್ರ ಹತ್ತಬೇಕು, ತನ್ನ ಗೋಡೆಗೂ ಒಂದು ಫೋಟೋ ಬರಬೇಕು. ಒಂದು ಸಲ, ಒಂದೇ ಒಂದು ಸಲ, ಆ ಇಂದ್ರಿ ಹೊಟ್ಟೆ ಉರಿಯೋದನ್ನ ಕಣ್ಣಾರೆ ನೋಡಬೇಕು!

ಕರಕೊಂಡು ಹೋಗೋಕೆ ಇದ್ದವನು ಸಿಂಗ್ರಿ ಒಬ್ಬನೇ.

"ನಾಕು ಜನದ ಮುಂದೆ ಮರ್ವಾದೆಯಾಗಿರ್ಬೇಕು ಕಣ್ಲಾ. ಹೆಂಗಸ್ರು, ಮಕ್ಳು, ವಯಸ್ಸಾದೋರು ಬಂದ್ರೆ ದಾರಿ ಬಿಡು."

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ!"

ಬಸ್‌ಸ್ಟ್ಯಾಂಡಲ್ಲಿ ರಜದ ಜನ. ಬಸ್ಸು ಬಂತು. ಸಿಂಗ್ರಿ ಬಾಗಿಲ ಹತ್ತಿರ ನಿಂತು ಹೆಂಗಸರಿಗೆ ದಾರಿ ಬಿಟ್ಟ, ಮಕ್ಕಳಿಗೆ ದಾರಿ ಬಿಟ್ಟ, ಮುದುಕರನ್ನ ಕೈಹಿಡಿದು ಹತ್ತಿಸಿದ. ಬಸ್ಸು ತುಂಬಿತು, ಹೋಯಿತು. ಎರಡನೇ ಬಸ್ಸೂ ಹಾಗೇ ಹೋಯಿತು. ಮೂರನೆಯದಕ್ಕೆ ಸಾಕಮ್ಮನೇ ಮಗನ ಕೊರಳಪಟ್ಟಿ ಹಿಡಿದು ಎಳಕೊಂಡು ಹತ್ತಿದಳು. ಸೀಟೆಲ್ಲಿದೆ? ದಾರಿ ಉದ್ದಕ್ಕೂ ಒಂಟಿ ಕಾಲಲ್ಲಿ ನಿಂತಳು.

"ಊರವ್ರನ್ನೆಲ್ಲ ಹತ್ತಿಸ್ಬುಟ್ಟು ಹೆತ್ತವ್ಳನ್ನ ನಿಲ್ಲಿಸ್ದೆಯಲ್ಲೋ ಮೂದೇವಿ! ಖಾಲಿ ಸೀಟು ಕಂಡ ತಕ್ಷಣ ಟವೆಲ್ ಎಸೀಬೇಕು ಕಣ್ಲಾ! ಟವೆಲ್ ಬಿದ್ಮೇಲೆ ಆ ಸೀಟು ನಮ್ದು. ಆಮ್ಯಾಕೆ ಬೇರೆ ಸೀಟಿನ ಕಡೆ ತಿರುಗಿಯೂ ನೋಡ್ಬಾರ್ದು!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಪಾರ್ಕು ಬಂತು. ಅಬ್ಬಬ್ಬಾ, ಜನ! ಟಿಕೆಟ್ ತಗೊಳ್ಳೋಕೆ ಸಾಲು, ನೀರು ಕುಡಿಯೋಕೆ ಸಾಲು, ಹಿಂದಿನ ಜನ ಮುಂದಿನ ಜನರ ಕತ್ತಿಗೆ ಉಸಿರು ಬಿಡ್ತಾ ಇದ್ದಾರೆ. ಸಾಕಮ್ಮ ಯಾವುದನ್ನೂ ನೋಡಲಿಲ್ಲ. ಜೈಂಟ್ ವೀಲಿನ ಸಾಲಲ್ಲೇ ಹೋಗಿ ನಿಂತಳು. ನಿಂತು ನಿಂತು ಒಂದು ಗಂಟೆಯಾದ ಮೇಲೆ ಬೇಲಿ ಹತ್ತಿರ ಬಂದರು. ಆಗ ಸಿಂಗ್ರಿಗೆ ಒಂದು ಖಾಲಿ ತೊಟ್ಟಿಲು ಕಂಡಿತು. ಕಂಡಿದ್ದೇ ತಡ, ಹೆಗಲ ಮೇಲಿನ ಟವೆಲ್ ತೆಗೆದು ಬೇಲಿ ಮೇಲಿಂದ ಬೀಸಿದ. ಟವೆಲ್ ಸರಿಯಾಗಿ ಸೀಟಿನ ಮೇಲೇ ಬಿತ್ತು. ಚಕ್ರ ತಿರುಗಿತು. ಟವೆಲ್ ಮೇಲಕ್ಕೆ ಹೋಯಿತು.

ಇವರ ಸರದಿ ಬಂತು. "ಹತ್ತಿ ಅಮ್ಮ" ಅಂದ ಚಕ್ರ ತಿರುಗಿಸೋನು. ಸಾಕಮ್ಮ ಕಾಲೆತ್ತಿದಳು. ಸಿಂಗ್ರಿ ರಟ್ಟೆ ಹಿಡಿದ.

"ಇದಲ್ಲ ಕಣವ್ವ! ನಮ್ದು ಟವೆಲ್ ಇರೋದು!"

"ಬಿಡ್ಲಾ ಕೈಯ!"

"ನೀನೇ ಅಂದೆಯಲ್ಲವ್ವ! ಬೇರೆ ಸೀಟು ಕಡೆ ತಿರುಗಿ ನೋಡ್ಬ್ಯಾಡ!"

ಒಂದು ತೊಟ್ಟಿಲು ಹೋಯಿತು, ಎರಡು ಹೋಯಿತು, ಐದು ಹೋಯಿತು. ಅಷ್ಟರಲ್ಲಿ ತುತ್ತತುದಿಯಲ್ಲಿ ಗಾಳಿ ಬೀಸಿ ಟವೆಲ್ ಹಾರಿ ಎತ್ತಲೋ ಹೋಗಿಬಿಟ್ಟಿತ್ತು. ಅದು ಬರೋದು ಯಾವಾಗ, ಇವನು ಅವ್ವನ ಕೈ ಬಿಡೋದು ಯಾವಾಗ! ಹಿಂದಿದ್ದವರು ಕೂಗಾಡಿದರು, ಕಾವಲಿನವನು ಬಂದು ಇಬ್ಬರನ್ನೂ ಸಾಲಿಂದ ಆಚೆ ಹಾಕಿದ.

"ಅಯ್ಯೋ ನನ್ನ ಕರ್ಮವೇ! ಇಂದ್ರಿ ಹೊಟ್ಟೇಲಿ ಯೋಗೇಶ ಹುಟ್ಟುದ, ನನ್ನ ಹೊಟ್ಟೇಲಿ ಇದು ಹುಟ್ತು! ಟವೆಲ್ ಹಾಕೋದು ಬಸ್ಸಿಗೆ ಕಣ್ಲಾ, ಇಲ್ಲಿ ಸಾಲು! ಹೋಗು, ಸಾಲಿನ ಕೊನೇಲಿ ನಿಂತ್ಕೊ. ಮುಂದಿರೋರು ಏನು ಮಾಡ್ತಾರೋ ಅದನ್ನೇ ಮಾಡು, ಸಾಲು ಮಾತ್ರ ಬಿಡ್ಬ್ಯಾಡ. ನಾನು ಇಲ್ಲೇ ನೆಳ್ಳಲ್ಲಿ ಕುಂತಿರ್ತೀನಿ."

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಸಿಂಗ್ರಿ ಹೋದ. ಒಂದು ಸಾಲು ಕಂಡಿತು, ಕೊನೆಯಲ್ಲಿ ನಿಂತುಕೊಂಡ. ಮುಂದಿದ್ದ ಹುಡುಗ ತನ್ನ ಮುಂದಿನವನ ಅಂಗಿ ಹಿಡಿದಿದ್ದ, ಸಿಂಗ್ರಿ ಆ ಹುಡುಗನ ಅಂಗಿ ಹಿಡಿದ. ಹುಡುಗ ಹಾಡು ಹೇಳಿದ, ಸಿಂಗ್ರಿಯೂ ಹೇಳಿದ. ಅದು ಯಾವ ಸಾಲು ಅಂತೀರಿ? ಪ್ರವಾಸಕ್ಕೆ ಬಂದಿದ್ದ ಶಾಲೆ ಮಕ್ಕಳದ್ದು!

ನೆರಳಲ್ಲಿ ಕೂತ ಸಾಕಮ್ಮ ಚಕ್ರ ನೋಡಿದ್ದೇ ನೋಡಿದ್ದು. ಮೇಲೆ ಹೋಗೋ ಹೆಂಗಸರೆಲ್ಲ ಅವಳ ಕಣ್ಣಿಗೆ ಇಂದ್ರಮ್ಮನ ಹಾಗೇ ಕಾಣುತ್ತಿದ್ದರು. ಗಂಟೆ ಕಳೆದರೂ ಮಗನ ಸುಳಿವಿಲ್ಲ. ಹುಡುಕಿಕೊಂಡು ಹೊರಟಳು. ಎಲ್ಲಾ ಸಾಲು ನೋಡಿದಳು. ಕೊನೆಗೆ ಗೇಟಿನಾಚೆ ನಿಂತಿದ್ದ ಶಾಲೆ ಬಸ್ಸಿನ ಕಿಟಕಿಯಲ್ಲಿ ಒಂದು ಮೀಸೆ ಕಂಡಿತು. ತಲೆ ಮೇಲೆ ಕಾಗದದ ಟೋಪಿ, ಕೈಯಲ್ಲಿ ಚಿತ್ರಾನ್ನದ ತಟ್ಟೆ.

"ಅವ್ವಾ! ಸಾಲು ಬಿಟ್ಟಿಲ್ಲ ಕಣವ್ವ!"

ತಲೆ ಎಣಿಸುತ್ತಿದ್ದ ಮೇಡಮ್ಮು ಗಾಬರಿಯಾಗಿ, "ಅಮ್ಮಾ, ಇವನು ಯಾವ ಕ್ಲಾಸು?" ಅಂದರು.

"ಯಾವ ಕ್ಲಾಸ್ಗೂ ಸೇರೋನಲ್ಲ ಮೇಡಂ ಇವ್ನು!" ಅಂತ ಸಾಕಮ್ಮ ಕಿವಿ ಹಿಡಿದು ಇಳಿಸಿದಳು.

ಹೊತ್ತು ಇಳಿಯುತ್ತಿತ್ತು. ಚಕ್ರ ನಿಲ್ಲೋಕೆ ಇನ್ನು ಸ್ವಲ್ಪವೇ ಸಮಯ. ಸಾಕಮ್ಮನಿಗೆ ಅಳು ಬಂತು, ಅಳುವಿನ ಜೊತೆ ಒಂದು ಉಪಾಯವೂ ಬಂತು.

"ಇನ್ನು ಸಾಲಲ್ಲಿ ನಿಂತ್ರೆ ಆದಂಗೇಯ! ಜೋರಾಗಿ ಕೂಗು, 'ನಮ್ಮವ್ವಂಗೆ ಹುಷಾರಿಲ್ಲ, ದಾರಿ ಬಿಡಿ' ಅನ್ನು. ಯಾರು ಏನು ಕೇಳುದ್ರೂ ಅದನ್ನೇ ಹೇಳು, ಬೇರೆ ಮಾತಾಡ್ಬ್ಯಾಡ!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಕೂಗಿದ ನೋಡಿ! ಸಾಕಮ್ಮ ಸೊಂಟ ಹಿಡಕೊಂಡು ನರಳಿದಳು. ಪಾಪ, ಜನ ಒಳ್ಳೆಯವರು, ದಾರಿ ಬಿಟ್ಟರು. ಸಾಕಮ್ಮ ನೆಟ್ಟಗೆ ಹೋಗಿ ತೊಟ್ಟಿಲಲ್ಲಿ ಕೂತಳು! ಸೆರಗಿನ ಗಂಟಲ್ಲಿ ತಂದಿದ್ದ ಕಪ್ಪು ಕನ್ನಡಕ ಏರಿಸಿದಳು! ಸೆರಗು ಬಿಟ್ಟಳು! ಕೈ ಮೇಲೆತ್ತಿದಳು! ಪಾರ್ಕಿನ ಫೋಟೋದವನು ಕ್ಯಾಮೆರಾ ಎತ್ತಿದ.

ಚಕ್ರ ತಿರುಗಿಸೋನು ಸಿಂಗ್ರಿಯನ್ನ ಕೇಳಿದ, "ನೀನೂ ಹತ್ತೀಯೇನಪ್ಪ?"

"ನಮ್ಮವ್ವಂಗೆ ಹುಷಾರಿಲ್ಲ, ದಾರಿ ಬಿಡಿ!"

"ಏನು? ಹುಷಾರಿಲ್ಲದವರನ್ನ ಹತ್ತಿಸೋ ಹಾಗೇ ಇಲ್ಲ!" ಅಂತ ಅವನು ಪೀಪಿ ಊದಿದ. ಇಬ್ಬರು ಓಡಿ ಬಂದರು, ಸ್ಟ್ರೆಚರ್ ಬಂತು. "ನಂಗೇನೂ ಆಗಿಲ್ಲ ಕಣ್ರಪ್ಪೋ!" ಅಂತ ಸಾಕಮ್ಮ ಬಾಯಿ ಬಡಕೊಂಡಳು.

"ಏನಾಗಿದೆ ತಮ್ಮ ನಿಮ್ಮಮ್ಮನಿಗೆ?"

"ಹುಷಾರಿಲ್ಲ, ದಾರಿ ಬಿಡಿ!"

ಮಲಗಿಸಿ ಹೊತ್ತುಕೊಂಡು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಡಿ ಹಿಡಿದು, ಉಪ್ಪು ಸಕ್ಕರೆ ನೀರು ಕುಡಿಸಿ, ಏನೂ ಆಗಿಲ್ಲ ಅಂತ ಕಳಿಸೋ ಹೊತ್ತಿಗೆ ಚಕ್ರ ನಿಂತಿತ್ತು.

"ನನ್ನ ಮಾನ ಕಳದ್ಬುಟ್ಟೆಯಲ್ಲೋ! ಇನ್ಮೇಲೆ ನಾಕು ಜನದ ಮುಂದೆ ನನ್ನ ಸುದ್ದಿಯೇ ಎತ್ತಬ್ಯಾಡ! ನನ್ನ ಹೆಸ್ರೂ ಹೇಳ್ಬ್ಯಾಡ!"

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಬರಿಗೈಯಲ್ಲಿ ಬಂದಳು. ಇಂದ್ರಮ್ಮ ಜಗುಲಿಯಲ್ಲೇ ಕಾದಿದ್ದಳು. "ಅಕ್ಕಾ, ಫೋಟೋ ಎಲ್ಲಿ?" ಅಂದಳು. "ನಾಳಿದ್ದು ಬತ್ತದೆ" ಅಂದುಬಿಟ್ಟಳು ಸಾಕಮ್ಮ. ಬಾಯಿಂದ ಬಂದ ಮೇಲೆ ಫೋಟೋ ತರಿಸಲೇಬೇಕಲ್ಲ! ಪೇಟೆಯ ಸ್ಟುಡಿಯೋದವನು ಒಬ್ಬರ ಮೈಗೆ ಇನ್ನೊಬ್ಬರ ಮುಖ ಕೂರಿಸುತ್ತಾನೆ ಅಂತ ಎಲ್ಲೋ ಕೇಳಿದ್ದಳು. ಇಂದ್ರಮ್ಮನ ಫೋಟೋನ ನೋಡಿ ಕೊಡ್ತೀನಿ ಅಂತ ಇಸಕೊಂಡಳು. ಅದನ್ನ ಮಗನ ಕೈಗೆ ಕೊಟ್ಟು, ಪೆಟ್ಟಿಗೆಯಿಂದ ತನ್ನದೊಂದು ಚಿಕ್ಕ ಫೋಟೋ ತೆಗೆದು ಅವನ ಜೇಬಲ್ಲಿಟ್ಟಳು.

"ಇದನ್ನ ಹುಷಾರಾಗಿ ಇಟ್ಕೊ. ಸ್ಟುಡಿಯೋದವ್ನಿಗೆ ಹೇಳು, ಇಂದ್ರಿ ಫೋಟೋ ಹೆಂಗದೋ ಹಂಗೇ ಇರ್ಬೇಕು, ಎಳ್ಳಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು. ಅವಳದ್ದಕ್ಕಿಂತ ದೊಡ್ದು, ಬಾಗಿಲಷ್ಟು ದೊಡ್ದಿರ್ಬೇಕು!"

ಸಿಂಗ್ರಿ ಚಿಕ್ಕ ಫೋಟೋನ ಹುಷಾರಾಗಿ ಇಟ್ಟುಕೊಂಡ. ಜೇಬಿಂದ ತೆಗೆಯಲೇ ಇಲ್ಲ.

"ಯಾರ ಮುಖ ಕೂರಿಸ್ಬೇಕಪ್ಪ?" ಅಂದ ಸ್ಟುಡಿಯೋದವನು.

ಸಿಂಗ್ರಿ ಸುತ್ತ ನೋಡಿದ. ಅಂಗಡಿಯಲ್ಲಿ ಎಣಿಸಿ ನಾಲ್ಕು ಜನ ಇದ್ದರು. ಅವ್ವನ ಸುದ್ದಿ ಎತ್ತೋ ಹಾಗಿಲ್ಲ! "ಎಳ್ಳಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು, ಬಾಗಿಲಷ್ಟು ದೊಡ್ದಿರ್ಬೇಕು" ಅಂದ. ಸ್ಟುಡಿಯೋದವನಿಗೇನು, ಮಾಡಿಕೊಟ್ಟ.

ಸಾಕಮ್ಮ ಗೋಡೆಗೆ ಮೊಳೆ ಹೊಡೆದು ಕಾಯುತ್ತಿದ್ದಳು. ಸುತ್ತಿದ್ದ ಕಾಗದ ಬಿಚ್ಚಿದಳು. ಇಂದ್ರಮ್ಮ! ಮೊರದಗಲ ಮುಖ! ತಟ್ಟೆಯಗಲ ಕಪ್ಪು ಕನ್ನಡಕ!

"ಅಯ್ಯಯ್ಯೋ! ಈ ಮುಖ ನನ್ನ ಮನೆ ಒಳಗಿರ್ಬಾರ್ದು ಕಣ್ಲಾ! ತಗಂಡೋಗಿ ಆಚೆಗೆ ಹಾಕು!" ಅಂತ ಕೂಗಿ, ಹಿತ್ತಿಲಿಗೆ ಹೋಗಿ ಅಳುತ್ತಾ ಕೂತಳು.

"ಆಗ್ಲಿ ಕಣವ್ವ!" ಅಂದ ಸಿಂಗ್ರಿ. ತಗೊಂಡು ಹೋಗಿ ಬೀದಿ ಕಡೆ ಗೋಡೆಗೆ, ಬಾಗಿಲ ಪಕ್ಕದಲ್ಲೇ, ನಾಲ್ಕು ಮೊಳೆ ಹೊಡೆದು ಹಾಕಿದ. ಬೀದಿಗೆ ಬೀದಿಯೇ ಸೇರಿತು. ಗದ್ದಲ ಕೇಳಿ ಸಾಕಮ್ಮನೂ ಹಿತ್ತಿಲಿಂದ ಬಂದಳು. ಇಂದ್ರಮ್ಮ ಓಡಿ ಬಂದಳು, ನೋಡಿದಳು, ಕಣ್ಣಲ್ಲಿ ನೀರು ತುಂಬಿಕೊಂಡಳು.

"ಅಕ್ಕಾ! ನನ್ ಮೇಲೆ ಇಷ್ಟೊಂದು ಪ್ರೀತಿನಾ! ನನ್ನ ಮಗ ಅಂಗೈಯಗಲ ಮಾಡಿಸ್ಕೊಟ್ಟ, ನಿನ್ನ ಮಗ ಬಾಗಿಲಗಲ ಮಾಡಿಸವ್ನೆ!" ಅಂತ ತಬ್ಬಿಕೊಂಡಳು. ಆಮೇಲೆ ಹಿಂದೆಯೇ ಬಂದಿದ್ದ ಯೋಗೇಶನ ಕಡೆ ತಿರುಗಿ, "ನೋಡ್ಲಾ, ಮಗ ಅಂದ್ರೆ ಇವ್ನು! ಹೇಳಿದ್ದಕ್ಕೆ ಒಂದು ಎದುರುಮಾತಿಲ್ಲ. ನಿಂಗೆ ನೀರು ತಾ ಅಂದ್ರೆ ಮೊಬೈಲಿಂದ ತಲೆ ಎತ್ತಲ್ಲ. ಅಕ್ಕಾ, ಸುಳ್ಳು ಯಾಕೆ, ಇಂಥ ಮಗನ್ನ ಪಡೆದಿದ್ದೀಯಲ್ಲ, ನಂಗೆ ಹೊಟ್ಟೆ ಉರೀತದೆ ಕಣಕ್ಕ!" ಅಂದಳು.

ಇಂದ್ರಮ್ಮನ ಹೊಟ್ಟೆ ಉರೀತಂತೆ! ಸಾಕಮ್ಮನಿಗೆ ಕಿವಿಯಲ್ಲಿ ಜೇನು ಬಿಟ್ಟ ಹಾಗಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಅವಳಿಗೆ ಅವತ್ತೇ ಮೊದಲ ಸಲ ಮಗ ಮುದ್ದಾಗಿ ಕಂಡದ್ದು. ಸೆರಗು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳೋ ಹಾಗೆ ಹೇಳಿದಳು:

"ಹೂಂ ಕಣಮ್ಮ, ನನ್ನ ಮಗ ಅಪರಂಜಿ! ಸಿಂಗ್ರಿ, ನಿಮ್ಮ ಚಿಕ್ಕವ್ವ ಏನು ಕೇಳುದ್ರೂ ಇಲ್ಲ ಅನ್ಬ್ಯಾಡ ಕಣಪ್ಪ."

"ಆಗ್ಲಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಇಂದ್ರಮ್ಮ ಅವನ ಕೆನ್ನೆ ಸವರಿ, ಉಪಚಾರಕ್ಕೆ ಅಂದಳು, "ಹಂಗಾದ್ರೆ ನನ್ನ ಮಗನಾಗಿ ನಮ್ಮನೇಲೇ ಇದ್ಬುಡು ಬಾರಪ್ಪ!"

ಸಿಂಗ್ರಿ ಒಳಗೆ ಹೋದ. ಚಾಪೆ ಸುತ್ತಿದ, ತಟ್ಟೆ ಲೋಟ ತಗೊಂಡ, ಪಕ್ಕದ ಮನೆಗೆ ಹೋದ. ಸಾಕಮ್ಮ ನಕ್ಕಳು. ಊಟದ ಹೊತ್ತಿಗೆ ಬರ್ತಾನೆ ಬಿಡು ಅಂದುಕೊಂಡಳು. ಊಟದ ಹೊತ್ತಾಯಿತು, ಬರಲಿಲ್ಲ. ಸಂಜೆ ದೀಪ ಹಚ್ಚಿದಳು, ಬರಲಿಲ್ಲ. ಗೋಡೆ ಆಚೆಯಿಂದ ದನಿ ಮಾತ್ರ ಬಂತು.

"ಅವ್ವಾ, ಇನ್ನೊಂದು ಮುದ್ದೆ ಇಕ್ಕವ್ವ!"

ಇಂದ್ರಿಗೆ ಅವ್ವ ಅಂತಾನೆ! ಸಾಕಮ್ಮನ ಹೊಟ್ಟೆ ಭಗ್ ಅಂತು. ಮಿಕ್ಸಿಗೆ ಉರಿದದ್ದು, ಫೋಟೋಗೆ ಉರಿದದ್ದು, ಅದೆಲ್ಲ ಒಂದು ಉರಿಯೇ ಅಲ್ಲ ಅನ್ನಿಸಿತು ಅವಳಿಗೆ. ಎರಡು ಕೈಯಲ್ಲೂ ಗೋಡೆ ಬಡಿದಳು.

"ಲೇ ಸಿಂಗ್ರೀ! ನಿಮ್ಮವ್ವ ಕರೀತಾವ್ಳೆ ಕಣ್ಲಾ, ಮನೆಗೆ ಬಾರ್ಲಾ!"

ಗೋಡೆ ಆಚೆಯಿಂದ ಸಿಂಗ್ರಿ ಬಾಯಿ ತುಂಬ ಮುದ್ದೆ ಇಟ್ಟುಕೊಂಡೇ ಕೂಗಿದ:

"ನಮ್ಮವ್ವ ಇಲ್ಲೇ ಮುದ್ದೆ ಕಟ್ತಾವ್ಳೆ! ನೀನ್ಯಾಕೆ ಹಂಗೆ ಬಡ್ಕೋತೀಯ, ದೊಡ್ಡವ್ವಾ?"