ಒದ್ದೆ ಊದುಬತ್ತಿಯ ಕಟ್ಟೆ

ತೈವಾನಿನ ದಕ್ಷಿಣದಲ್ಲಿ, ದೊಡ್ಡ ಬೆಟ್ಟಸಾಲಿನ ಬುಡಕ್ಕೆ ನಮ್ಮ ಹೋಬಳಿಯಿದೆ. ಬೆಟ್ಟದಿಂದ ಇಳಿದ ಹೊಳೆ ಬಯಲಿಗೆ ಬರುತ್ತಲೇ ಕಲ್ಲುಗುಂಡುಗಳ ನಡುವೆ ಇಂಗಿ ಕಾಣೆಯಾಗುತ್ತದೆ. ಮೈಲಿ ದೂರದಲ್ಲಿ ಒರತೆಯಾಗಿ ಮತ್ತೆ ಮೇಲೇಳುತ್ತದೆ. ಅಲ್ಲಿಂದ ಹೊರಟ ಕಾಲುವೆಯೇ ನಮ್ಮ ಅನ್ನ. ಭತ್ತ ಕೊಯ್ದ ಮೇಲೆ ಚಳಿಗಾಲಕ್ಕೆ ಕೆಂಪು ಕಾಳು ಬಿತ್ತುತ್ತೇವೆ. ಕಾಲುವೆ ಎರಡಾಗಿ ಒಡೆಯುವಲ್ಲಿ ಸೊಂಟದೆತ್ತರದ ಕಲ್ಲುಕಟ್ಟೆಯೊಂದಿದೆ. ಊರಿನವರ ಬಾಯಲ್ಲಿ ಅದು ಒದ್ದೆ ಊದುಬತ್ತಿಯ ಕಟ್ಟೆ. ಇದೆಂಥ ಹೆಸರು ಎಂದು ಯಾರಾದರೂ ಕೇಳಿದರೆ, "ಏನೋ ಹಳೇ ಹೆಸರು ಬಿಡಿ" ಎಂದು ಚಹಾ ಬಗ್ಗಿಸುತ್ತೇವೆ. ಎಂಬತ್ತೊಂದು ವಯಸ್ಸಾಯಿತು, ಹಾಗೆ ಬಗ್ಗಿಸಿ ನನಗೆ ಸಾಕಾಗಿದೆ.

ಏಳು ತಲೆಮಾರಿನ ಹಿಂದೆ ನಮ್ಮ ಹಕ್ಕಾ ಜನ ಚೀನಾದಿಂದ ಸಮುದ್ರ ದಾಟಿ ಬಂದಾಗ ಈ ನೆಲ ಬಯಲಿನ ಮೂಲನಿವಾಸಿಗಳದ್ದಾಗಿತ್ತು. ಅವರಲ್ಲಿ ಹೊಲ ಹೆಣ್ಣುಮಕ್ಕಳ ಸ್ವತ್ತು. ಇಬುಯ್ ಎಂಬ ಹೆಂಗಸು ನಮ್ಮ ಮನೆತನದ ಮೂಲಪುರುಷ ಚುಂಗ್ ಆ-ತಿಯೆನ್‌ಗೆ ಒರತೆಯ ಕಣ್ಣು ತೋರಿಸಿದಳು, ಕಾಲುವೆ ತೋಡಲು ತನ್ನ ಹೊಲವನ್ನೇ ಸೀಳಿಕೊಟ್ಟಳು ಎನ್ನುತ್ತಾರೆ. ಅವಳು ಕೇಳಿದ್ದು ನೀರಿನಲ್ಲಿ ಸಮಪಾಲು, ಅಷ್ಟೇ. ಗಡಿಯಾರವಿಲ್ಲದ ಕಾಲ, ಊದುಬತ್ತಿಯೇ ಅಳತೆ. ಕಟ್ಟೆಯ ಮೇಲೆ ಒಂದು ಬತ್ತಿ ಉರಿದು ಮುಗಿಯುವವರೆಗೆ ನೀರು ನಮ್ಮ ಕಡೆಗೆ, ಇನ್ನೊಂದು ಮುಗಿಯುವವರೆಗೆ ಅವಳ ಕಡೆಗೆ. ಬತ್ತಿ ಹೊಸೆಯುವ ಕಸುಬು ಬರುತ್ತಿದ್ದುದು ನಮಗೆ, ಆದ್ದರಿಂದ ಎರಡನ್ನೂ ನಾವೇ ತರುತ್ತಿದ್ದೆವು. ದೇವರಿಗೆ ಹಚ್ಚುವ ವಸ್ತುವಿನಲ್ಲಿ ಯಾರು ಮೋಸ ಮಾಡಿಯಾರು ಎಂದು ಅವಳು ನಂಬಿದಳು.

ಥೂ, ನಮ್ಮವರು ಮಾಡಿದರು! ಮಳೆ ಕೈಕೊಟ್ಟ ಒಂದು ವರ್ಷ, ಪೈರು ತೆನೆಗಟ್ಟುವ ಹೊತ್ತಿಗೆ, ಆ-ತಿಯೆನ್ ನಮ್ಮ ಸರದಿಯ ಬತ್ತಿಗಳನ್ನು ಒದ್ದೆ ಬಾಳೆಯೆಲೆಯಲ್ಲಿ ಸುತ್ತಿಟ್ಟ. ಅವಳ ಸರದಿಯವನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ. ನಮ್ಮದು ಹೊಗೆಯಾಡುತ್ತಾ ಕೂತಿತು, ಅವಳದು ಸರಸರನೆ ಬೂದಿಯಾಯಿತು. ಊರಿಗೆಲ್ಲ ಗೊತ್ತಿತ್ತು. ಎಲ್ಲರ ಗದ್ದೆಯೂ ತುಂಬುತ್ತಿತ್ತಲ್ಲ, ಬಾಯಿಗೆ ಬೀಗ! ಹತ್ತೊಂಬತ್ತನೆಯ ದಿನ ಇಬುಯ್‌ಳ ಗದ್ದೆ ಬಿರುಕುಬಿಟ್ಟಿತು. ಅವಳು ಕಟ್ಟೆಗೆ ಬಂದು, ಉರಿಯುತ್ತಿದ್ದ ನಮ್ಮ ಬತ್ತಿಯನ್ನು ಕಿತ್ತು ಹಿಸುಕಿದಳು. ಅದು ಕಲಸಿದ ಹಿಟ್ಟಿನ ಹಾಗೆ ಬೆರಳಿಗಂಟಿತು. ಸುತ್ತ ನಿಂತ ಗಂಡಸರ ನಡುವೆ ಆ-ತಿಯೆನ್‌ನತ್ತ ತಿರುಗಿದಳು.

"ಸಾಲದು ಅಂದಿದ್ದರೆ ನನ್ನ ಸರದಿಯಲ್ಲೇ ಒಂದಿಷ್ಟು ಬಿಟ್ಟುಕೊಡುತ್ತಿದ್ದೆನಲ್ಲೋ," ಎಂದಳಂತೆ. ಬೈಯಲೂ ಇಲ್ಲ, ಶಪಿಸಲೂ ಇಲ್ಲ. ಆ ಫಸಲು ಹೋಯಿತು. ಮನೆಮಂದಿಯನ್ನೆಲ್ಲ ಕರೆದುಕೊಂಡು ಬೆಟ್ಟಕ್ಕೆ ಹೊರಟುಹೋದಳು. ಕಟ್ಟೆಗೆ ಆ ಹೆಸರಿಟ್ಟವರು ಅವಳ ಕಡೆಯವರು. ಮುಂದಿನ ಬಿತ್ತನೆಗೆ ಅವಳ ಗದ್ದೆಯನ್ನು ಉತ್ತವನು ಆ-ತಿಯೆನ್. ನಾನು ಇಂದಿಗೂ ಉಣ್ಣುವುದು ಅದೇ ಗದ್ದೆಯ ಅನ್ನ.

ಎಂಟು ವರ್ಷದ ಕೆಳಗೆ, ನೋಡಬಂದವರಿಗಾಗಿ ಕಟ್ಟೆಯ ಪಕ್ಕ ಒಂದು ಫಲಕ ನಿಲ್ಲಿಸುವುದೆಂದಾಯಿತು. ಊರಿನ ಶಾಲೆಯಲ್ಲಿ ಪಾಠ ಹೇಳಿದವನು ನಾನು, ಮೇಷ್ಟರ ಅಕ್ಷರ ಚೆನ್ನ ಎಂದು ನನ್ನ ಕೈಗೆ ಕುಂಚ ಕೊಟ್ಟರು. ಎಲ್ಲ ಗೊತ್ತಿದ್ದೂ ನಾನು ಬರೆದದ್ದು ಇದು: "ಸುಗಂಧದ ಕಟ್ಟೆ. ಎರಡು ಜನಾಂಗಗಳು ಇಲ್ಲಿ ಕೂಡಿ ಧೂಪ ಹಚ್ಚಿ, ಅಣ್ಣತಮ್ಮಂದಿರಂತೆ ನೀರು ಹಂಚಿಕೊಂಡವು." ಕಳೆದ ತಿಂಗಳು ಬೆಟ್ಟದ ಕಡೆಯಿಂದ ಬಂದ ಹುಡುಗಿಯೊಬ್ಬಳು ಅದನ್ನು ಓದಿ ಕೈಮುಗಿದಳು. "ನಮ್ಮಜ್ಜಿ ಈ ಕಟ್ಟೆಯ ಬಗ್ಗೆ ಏನೇನೋ ಕೆಟ್ಟದ್ದು ಹೇಳುತ್ತಿದ್ದಳು ತಾತ, ಅವಳಿಗೇ ನೆನಪು ತಪ್ಪಿರಬೇಕು," ಎಂದಳು.

"ವಯಸ್ಸಾದವರಲ್ಲವೇ ಮಗಳೇ, ಹಾಗಾಗುತ್ತದೆ," ಎಂದುಬಿಟ್ಟೆ. ಫಲಕ ಇನ್ನೂ ಅಲ್ಲೇ ಇದೆ.