ಘೋಷಣೆ ಕೇಳಿಸಿಕೊಂಡ ಸಾಂತು

ಒಂದು ಕಡಲೂರು. ಆ ಊರಲ್ಲಿ ಬೆಳ್ಳಿ ಅಂತ ಒಬ್ಬಳು ವಿಧವೆ. ಅವಳಿಗೊಬ್ಬನೇ ಮಗ, ಸಾಂತು. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. "ಬಾಗಿಲು ನೋಡ್ಕೋ" ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತಾ ಕೂರುವವನು. "ನಾ ಸತ್ತ ಮೇಲೆ ಇವನ ಗತಿ ಏನು ದೇವರೇ!" ಅಂತ ಬೆಳ್ಳಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಬಿಳಿಯರ ಸರ್ಕಾರವನ್ನು ಓಡಿಸುವ ಚಳವಳಿಯ ಕಾಲ ಅದು. ಒಂದು ದಿನ ಮೆರವಣಿಗೆ ಬಂತು. ಮುಂದೆ ಶಾಲೆಯ ಪುಂಡಲೀಕ ಮಾಸ್ತರರು, ಹಿಂದೆ ಜನ. "ಭಾರತ ಬಿಟ್ಟು ತೊಲಗಿ! ಭಾರತ ಬಿಟ್ಟು ತೊಲಗಿ!"

ಸಾಂತು ಕೇಳಿದ. ಹೊರಟೇಬಿಟ್ಟ.

ಎಲ್ಲಿಗೆ? ಕಡಲಿಗೆ! ಮೊಣಕಾಲು ಮುಳುಗಿತು, ನಡೆದ. ಸೊಂಟ ಮುಳುಗಿತು, ನಡೆದ. ಕುತ್ತಿಗೆ ಮುಳುಗಿತು, ನಡೆದ. ದೋಣಿಯವರು ನೋಡಿದಾಗ ನೀರ ಮೇಲೆ ಬರೀ ಕೂದಲು ತೇಲುತ್ತಿತ್ತು. ಹಿಡಿದು ಎಳೆದರು.

"ಅದು ಬಿಳಿಯರಿಗೆ ಹೇಳಿದ್ದೋ ಪೆದ್ದಾ!" ಅಂದರು ಮಾಸ್ತರರು, ತಮ್ಮ ಪಂಚೆಯಿಂದಲೇ ಅವನ ತಲೆ ಒರೆಸುತ್ತಾ. "ಜನ ಗುಂಪಾಗಿ ಬಂದರೆ ನೀನು ಎಲ್ಲಿಗೂ ಹೋಗ್ಬೇಡ. ಕೈ ಎತ್ತಿ 'ತೊಲಗಿ' ಅಂತ ಕೂಗು, ಸಾಕು."

"ಹಾಂಗೇ ಆಗ್ಲಿ ಮಾಸ್ತರೆ!"

ಮರುದಿನವೇ ಜನ ಗುಂಪಾಗಿ ಬಂದರು. ಹೆಗಲ ಮೇಲೆ ಮುದುಕಿ ದುಗ್ಗಿಯ ಹೆಣ! ಸಾಂತು ಕೈ ಎತ್ತಿದ. "ತೊಲಗಿ! ತೊಲಗಿ!"

ಹೊತ್ತವರು ಗಕ್ಕನೆ ನಿಂತರು. ಚಟ್ಟ ವಾಲಿತು. ಮುದುಕಿಯ ಕೈ ಬಟ್ಟೆಯಿಂದ ಜಾರಿ ಸಾಂತುವಿನ ಕಡೆಗೇ ನೇತಾಡಿತು, ಬಾ ಅಂತ ಕರೆದ ಹಾಗೆ.

"ಅಯ್ಯೋ ಪಾಪಿ!" ಬೆಳ್ಳಿ ಬೆನ್ನಿಗೆ ಗುದ್ದಿದಳು. "ಹೆಣದ ಮುಂದೆ ಕೂಗ್ತಾರೇನೋ? ಹೆಣ ಕಂಡರೆ ಬಾಯಿ ಮುಚ್ಚು, ಹೆಗಲು ಕೊಡು!"

"ಹಾಂಗೇ ಆಗ್ಲಿ ಅವ್ವೀ!"

ಸಂತೆಕಟ್ಟೆಯ ಮೇಲೆ ಒಬ್ಬ ಪೊಲೀಸ ಕುಡಿದು ಬಿದ್ದಿದ್ದ. ಬಾಯಿ ತೆರೆದಿತ್ತು, ತುಟಿ ಮೇಲೆ ನೊಣ. ಸಾಂತು ಕಂಡ. ಬಾಯಿ ಮುಚ್ಚಿದ. ತನ್ನದಲ್ಲ, ಪೊಲೀಸನದು! ಚಿಂದಿಯಿಂದ ಬಿಗಿದು ಕಟ್ಟಿದ. ಹೆಗಲಿಗೆ ಹಾಕಿಕೊಂಡ, ಸುಡುಗಾಡಿಗೆ ಒಯ್ದು ಬೂದಿಯ ಮೇಲೆ ಮಲಗಿಸಿದ. ಎಚ್ಚರಾದ ಪೊಲೀಸ ಮೈತುಂಬ ಬೂದಿ ಹೊತ್ತು ಓಡಿದ. ಊರವರೇ ಕೊಲ್ಲಲು ನೋಡಿದರು ಅಂತ ಠಾಣೆಯಲ್ಲಿ ಹೇಳಿದ. ಅವತ್ತಿಂದ ಠಾಣೆಯವರು ಊರವರ ಮೇಲೆ ಹಲ್ಲು ಮಸೆಯತೊಡಗಿದರು.

"ಉಸಿರಾಡೋನನ್ನ ಸುಡೋಕೆ ಒಯ್ತಾರೇನೋ!" ಬೆಳ್ಳಿ ಅತ್ತಳು. "ಸತ್ತಿದ್ದಾನೋ ಬದುಕಿದ್ದಾನೋ ನಿನಗೆ ತಿಳಿಯೋದಿಲ್ಲ. ನಾಲ್ಕು ಜನರನ್ನ ಕೇಳು. ಬದುಕಿದ್ದಾನೆ ಅಂದರೆ ಮನೆಗೆ ಕರ್ಕೊಂಡು ಬಾ, ಗಂಜಿ ಕೊಡು!"

"ಹಾಂಗೇ ಆಗ್ಲಿ ಅವ್ವೀ!"

ಮುಂದಿನ ಮೆರವಣಿಗೆ ಬಂತು. ಪೊಲೀಸರು ಗುಂಡು ಹಾರಿಸಿದರು. ಮಾಸ್ತರರು ಬಿದ್ದರು. ಜನ ಅವರನ್ನು ಹೊತ್ತು ಸುಡುಗಾಡಿಗೆ ನಡೆದರು. "ಪುಂಡಲೀಕ ಮಾಸ್ತರರು ಅಮರರು! ಅಮರರು!"

"ಅಮರ ಅಂದ್ರೆ ಏನಣ್ಣಾ?" ಅಂದ ಸಾಂತು.

"ಸಾವಿಲ್ಲದವರು ಮಾರಾಯ."

ಇನ್ನೊಬ್ಬನನ್ನು ಕೇಳಿದ. "ಸಾವಿಲ್ಲ ಅವರಿಗೆ!" ಮತ್ತೊಬ್ಬನನ್ನು ಕೇಳಿದ. "ಸಾಯೋದೇ ಇಲ್ಲ!" ಇನ್ನೂ ಒಬ್ಬಳನ್ನು ಕೇಳಿದ. ಅವಳು ಅಳುತ್ತಾ ಅಂದಳು, "ಬದುಕಿದ್ದಾರೆ ಮಗಾ, ಬದುಕೇ ಇರ್ತಾರೆ."

ಚಿತೆಗೆ ಬೆಂಕಿ ಇಡುವ ಮೊದಲೇ ಪೊಲೀಸರು ನುಗ್ಗಿ ಲಾಠಿ ಬೀಸಿದರು. ಜನ ಚದುರಿ ಓಡಿದರು, ಪೊಲೀಸರು ಬೆನ್ನು ಹತ್ತಿದರು. ಚಿತೆಯ ಬಳಿ ಉಳಿದವನು ಸಾಂತು ಒಬ್ಬನೇ.

ಬೆಳ್ಳಿ ಸಾರಿಗೆ ಚಿಪ್ಪಿ ಆರಿಸಿಕೊಂಡು ಹೊಳೆಯಿಂದ ಬಂದಳು. ಮನೆಯ ಜಗಲಿಯಲ್ಲಿ ಕಂಬಕ್ಕೆ ಒರಗಿ ಮಾಸ್ತರರು ಕೂತಿದ್ದರು. ಕುತ್ತಿಗೆತನಕ ಕಂಬಳಿ. ಕಣ್ಣು ಅರ್ಧ ತೆರೆದಿತ್ತು. ಕಂಬಳಿಯ ಎದೆಯ ಭಾಗ ಒದ್ದೆಯಾಗಿತ್ತು. ಎದುರಿಗೆ ಸೌಟು ಹಿಡಿದು ಸಾಂತು.

"ಬೈಬೇಡ ಅವ್ವೀ! ನಾಲ್ಕು ಜನರನ್ನ ಕೇಳಿದೆ. ನಾಲ್ಕೂ ಜನ ಸಾವಿಲ್ಲ ಅಂದ್ರು. ಆದ್ರೂ ಸುಡೋಕೆ ಒಯ್ದಿದ್ರು!"

ಬೆಳ್ಳಿ ಚಿಪ್ಪಿಯ ಬುಟ್ಟಿ ಕೆಳಗಿಟ್ಟಳು. ಮೆಟ್ಟಿಲ ಮೇಲೆ ಕೂತಳು.

"ಬಾಯೇ ತೆಗೀತಿಲ್ಲ. ಗಂಜಿ ಸುಡ್ತದೆ ಅಂತ ಕಾಣ್ತದೆ" ಅಂದ ಸಾಂತು. ಸೌಟನ್ನು ಮಾಸ್ತರರ ತುಟಿಯ ಹತ್ತಿರ ಹಿಡಿದು, ಉಫ್, ಉಫ್ ಅಂತ ಊದಿದ.

ಆ ಗಾಳಿಗೆ ಮಾಸ್ತರರ ಮೀಸೆ ಸಣ್ಣಗೆ ಅಲುಗಿತು.

"ನೋಡಿದ್ಯಾ ಅವ್ವೀ!" ಅಂದ ಸಾಂತು.