ಉಸಿರುಗಂಡಿಯಲ್ಲಿ ನಿಂತವನು

ಕಾಡು ಮುಗಿದು ಹುಲ್ಲುಗಾವಲು ಶುರುವಾಗುವಲ್ಲಿ ಒಂದು ಕೆರೆ ಇತ್ತು. ಅದರ ದಂಡೆಯಲ್ಲಿ ಒಂದು ಕುದುರೆ ಹಿಂಡು ವಾಸವಾಗಿತ್ತು. ಮಳೆಗಾಲದಲ್ಲಿ ಅಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಬೇಸಿಗೆಯಲ್ಲಿ ಮಾತ್ರ ನೀರು ಕೆರೆಯ ನಡುವಿಗೆ ಸರಿಯುತ್ತಿತ್ತು, ಹುಲ್ಲು ಒಣಗಿ ಹುರಿಯಂತಾಗುತ್ತಿತ್ತು. ಆಗ ಹಿಂಡು ಗುಡ್ಡದ ಆಚೆಗೆ ಹೋಗಬೇಕು. ಅಲ್ಲಿ ಬತ್ತದ ಒರತೆ ಇತ್ತು.

ಆಚೆಗೆ ಹೋಗಲು ಇದ್ದದ್ದು ಒಂದೇ ದಾರಿ. ಅದರ ಹೆಸರು ಉಸಿರುಗಂಡಿ.

ಎರಡು ಗುಡ್ಡಗಳ ನಡುವಿನ ಆ ಸಂದಿಯಲ್ಲಿ ಹಕ್ಕಿ ಕೂಗುತ್ತಿರಲಿಲ್ಲ. ಬೆಳಿಗ್ಗೆ ಗಾಳಿ ಮೆಲ್ಲಗೆ ಒಳಗೆ ಹೋಗುತ್ತಿತ್ತು. ಮಧ್ಯಾಹ್ನ ದಾಟಿದ ಮೇಲೆ ಮೆಲ್ಲಗೆ ಹೊರಗೆ ಬರುತ್ತಿತ್ತು. ಯಾರೋ ಮಲಗಿ ಉಸಿರಾಡುತ್ತಿದ್ದಾರೆ ಅನ್ನಿಸುತ್ತಿತ್ತು. ದಾರಿ ಒಂದೇ ಕುದುರೆಗೆ ಸಾಲುವಷ್ಟು ಅಗಲ. ಹೋಗುವಾಗ ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ಪ್ರಪಾತದ ತಳದಲ್ಲಿ ಏನೋ ಬೆಳ್ಳಗೆ ಚದುರಿಕೊಂಡು ಬಿದ್ದಿತ್ತು. ಅದೇನೆಂದು ದೊಡ್ಡವರು ಮರಿಗಳಿಗೆ ಹೇಳುತ್ತಿರಲಿಲ್ಲ.

ಗಂಡಿಯ ನಟ್ಟನಡುವೆ, ಬಂಡೆಗೆ ಅಂಟಿಕೊಂಡು ಒಂದು ಸತ್ತ ಮರ. ಸಿಡಿಲು ಬಡಿದು, ತೊಗಟೆಯೆಲ್ಲ ಉದುರಿ, ಬಿಸಿಲಿಗೆ ಮೂಳೆಯಂತೆ ಬಿಳಿಚಿಕೊಂಡಿತ್ತು. ಎರಡು ಕೊಂಬೆಗಳು ತೋಳಿನ ಹಾಗೆ ಚಾಚಿದ್ದವು. ಕುದುರೆಗಳು ಅದನ್ನು ಮರ ಅನ್ನುತ್ತಿರಲಿಲ್ಲ. ‘ನಿಂತವನು’ ಅನ್ನುತ್ತಿದ್ದವು. ಅದೂ ದನಿ ತಗ್ಗಿಸಿ.

ಮರಿಗಳನ್ನು ಈ ದಾರಿಗೆ ಪಳಗಿಸುವುದು ಬೂದಜ್ಜಿಯ ಕೆಲಸ. ಬೂದಿ ಬಣ್ಣದ ಮುದಿ ಕುದುರೆ ಅವಳು. ಅವಳ ಕ್ರಮವೇ ಬೇರೆ. ಬೆಳಿಗ್ಗೆ ಮರಿಯ ಜೊತೆ ಗಂಡಿಯೊಳಗೆ ಹೋಗುವಳು. ಮರಿಯ ಕಿವಿ ಎಲ್ಲಿ ಸೆಟೆದು ನಿಲ್ಲುತ್ತದೋ ಅಲ್ಲಿಯೇ ನಿಲ್ಲುವಳು. ಸುಮ್ಮನೆ ತಲೆ ತಗ್ಗಿಸಿ ಮೇಯುವಳು. ಕಿವಿ ಸಡಿಲಾದ ಮೇಲೆ ದಾರಿ ಅಗಲವಾದಲ್ಲಿ ಮರಿಯನ್ನು ತಿರುಗಿಸಿ, ಅದೇ ಕಲ್ಲಿನ ಪಕ್ಕದಲ್ಲಿ ಮತ್ತೆ ನಡೆಸುವಳು. ಹೋಗುವಾಗ ಕಲ್ಲು ಮರಿಯ ಎಡಕ್ಕೆ, ಬರುವಾಗ ಬಲಕ್ಕೆ. ಆಮೇಲೆ ಮರಿ “ಇನ್ನೂ ಮುಂದೆ ಹೋಗೋಣ” ಅನ್ನುವಾಗಲೇ ಮನೆಗೆ ಕರೆತರುವಳು. ಮಾರನೆಯ ದಿನ ಇನ್ನೊಂದಿಷ್ಟು ದೂರ.

ಆ ವರ್ಷ ಹಿಂಡಿನಲ್ಲಿ ಕಲಿಯಬೇಕಾದ ಮರಿ ಒಂದೇ. ಅವನ ಹೆಸರು ಕೆಂದ. ಹೆಸರಿನ ಹಾಗೆಯೇ ಕೆಂಪು ಮೈ, ಉದ್ದ ಕಾಲು. ನೆರಳು ಅಲುಗಿದರೂ ಬೆಚ್ಚುವವನು. ಹಿಂಡಿಗೆ ಒಂದು ಕಟ್ಟಳೆ ಇತ್ತು: ಕೊನೆಯ ಮರಿ ಕಲಿಯುವ ತನಕ ಯಾರೂ ಹೊರಡುವ ಹಾಗಿಲ್ಲ. ಅಂಥ ದಾರಿಯಲ್ಲಿ ಒಂದು ಮರಿ ಹೆದರಿ ಹಿಂದಕ್ಕೆ ನುಗ್ಗಿದರೆ, ಅದರ ಹಿಂದಿರುವವರ ಗತಿ ಏನು?

ಕೆರೆ ದಿನದಿನಕ್ಕೆ ಕುಗ್ಗುತ್ತಿತ್ತು. ಎಲ್ಲರ ಕಣ್ಣೂ ಕೆಂದನ ಮೇಲೆ.

ಇದನ್ನೆಲ್ಲ ನೋಡಿ ಅಸಹನೆಯಿಂದ ಕುದಿಯುತ್ತಿದ್ದವನು ಕರಿಗೊರಸ. ಹಿಂಡಿನಲ್ಲೇ ಗಟ್ಟಿಮುಟ್ಟಾದ ಪ್ರಾಯದ ಕುದುರೆ. ಮಿರಮಿರ ಮಿಂಚುವ ಕಪ್ಪು ಗೊರಸುಗಳೆಂದರೆ ಅವನಿಗೆ ಬಲು ಹೆಮ್ಮೆ. ನೀರಿಗೆ ಹೋದಾಗ ಮೊದಲು ಗೊರಸಿನ ನೆರಳು ನೋಡಿಕೊಂಡು ಆಮೇಲೆ ಕುಡಿಯುತ್ತಾನೆ ಎಂದು ಹೆಣ್ಣು ಕುದುರೆಗಳು ನಗುತ್ತಿದ್ದವು. ಅವನು ಗಂಡಿಯನ್ನು ಯಾವ ಅಳುಕೂ ಇಲ್ಲದೆ ದಾಟುತ್ತಿದ್ದ. ಧೈರ್ಯ ತನಗೆ ಹುಟ್ಟಿನಿಂದಲೇ ಬಂದದ್ದು ಎಂದು ನಂಬಿದ್ದ.

ಒಂದು ದಿನ ಬೂದಜ್ಜಿಗೆ ಕೆಮ್ಮು ಹತ್ತಿತು. ಅವಳು ಕರಿಗೊರಸನನ್ನು ಕರೆದಳು. ಕೆಂದನನ್ನು ನಿಂತವನ ಹತ್ತಿರದ ತನಕ ಮಾತ್ರ ಕರೆದೊಯ್ಯಬೇಕು, ಎರಡೂ ಪಕ್ಕದಿಂದ ತೋರಿಸಬೇಕು, ಹಿಂದಿರುಗಬೇಕು, ಅಷ್ಟೇ ಎಂದಳು.

“ಕಂಡ ಕಲ್ಲನ್ನೇ ಎರಡೆರಡು ಸಲ ತೋರಿಸುವುದು ಯಾಕೆ, ಅಜ್ಜಿ?” ಎಂದು ಕರಿಗೊರಸ ಕೇಳಿದ.

“ಎಡಗಣ್ಣು ಕಂಡದ್ದನ್ನು ಬಲಗಣ್ಣಿಗೆ ಹೇಳುವುದಿಲ್ಲ, ಮಗಾ.”

ವಯಸ್ಸಾಯಿತು, ಏನೋ ಹೇಳುತ್ತಾಳೆ ಎಂದುಕೊಂಡ ಕರಿಗೊರಸ.

ಮಾರನೆಯ ಬೆಳಿಗ್ಗೆ ಇಬ್ಬರೂ ಗಂಡಿಯ ಬಾಯಿಗೆ ಬಂದರು. ಅಲ್ಲಿ ಒಂದು ಚಪ್ಪಟೆ ಬಂಡೆಯ ಮೇಲೆ ಮುದಿ ಕತ್ತೆಕಿರುಬ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತು. ಎಲ್ಲರೂ ಅವಳನ್ನು ಕಿರುಬಕ್ಕ ಅನ್ನುತ್ತಿದ್ದರು. ಅವಳು ಯಾರನ್ನೂ ಅಟ್ಟಿಸಿಕೊಂಡು ಹೋದದ್ದನ್ನು ಕಂಡವರಿಲ್ಲ. ಆದರೂ ಅವಳ ಮೈ ತುಂಬಿಕೊಂಡೇ ಇರುತ್ತಿತ್ತು.

“ಏನು ತಮ್ಮಾ, ಇವತ್ತು ನೀನು ಬಂದೆಯಾ?” ಎಂದು ಅವಳು ಅಕ್ಕರೆಯಿಂದ ವಿಚಾರಿಸಿದಳು. ಕೆರೆಯಲ್ಲಿ ನೀರು ಎಷ್ಟು ಉಳಿದಿದೆ ಎಂದು ಕೇಳಿದಳು. ಪಾಪ, ಬೂದಜ್ಜಿಯ ನಡಿಗೆಗೆ ಕಾದರೆ ಹಿಂಡೆಲ್ಲ ಕೆಸರು ನೆಕ್ಕಬೇಕಾದೀತು ಎಂದು ಲೊಚಗುಟ್ಟಿದಳು. ಆಮೇಲೆ ಕೆಳದನಿಯಲ್ಲಿ ಹೇಳಿದಳು: “ನಿನಗೆ ಯಾರಾದರೂ ಹೀಗೆ ಹೆಜ್ಜೆ ಎಣಿಸಿ ಕಲಿಸಿದ್ದರೇನು? ಒಂದೇ ಸಲಕ್ಕೆ ದಾಟಿಸಿಬಿಡು. ಮಧ್ಯಾಹ್ನದೊಳಗೆ ವಾಪಸು ಬಂದರೆ ಹಿಂಡೇ ನಿನ್ನನ್ನು ಹೊಗಳುತ್ತದೆ.”

ಕರಿಗೊರಸನಿಗೆ ಆ ಮಾತು ಹಿಡಿಸಿತು. ಅದು ಅವನ ಮನಸ್ಸಿನಲ್ಲಿ ಇದ್ದದ್ದೇ.

ಅವನು ಮುಂದೆ, ಕೆಂದ ಹಿಂದೆ. ಗಾಳಿ ಅವರ ಬೆನ್ನಿಗೇ ಒಳಗೆ ಬಂತು. ನಿಂತವನು ಕಂಡೊಡನೆ ಕೆಂದನ ಕಿವಿಗಳು ಸೆಟೆದವು. ಕರಿಗೊರಸ ನಿಲ್ಲಲಿಲ್ಲ. “ನನ್ನ ಬಾಲ ನೋಡಿಕೊಂಡು ಬಾ, ಬೇರೆ ಏನೂ ನೋಡಬೇಡ” ಎಂದ. ಮರಿ ಉಸಿರು ಬಿಗಿಹಿಡಿದು, ಎಡಗಣ್ಣಿನ ಅಂಚಿನಲ್ಲಿ ಒಮ್ಮೆ ಬಿಳಿಯದನ್ನು ಕಂಡು, ದಾಟಿಬಿಟ್ಟಿತು.

ಆಚೆ ಬದಿಯಲ್ಲಿ ಹಸಿರು ಹುಲ್ಲು ಮೊಣಕಾಲಿನ ತನಕ ಬೆಳೆದಿತ್ತು. ಕೆಂದ ಒರತೆಯ ನೀರು ಕುಡಿದ, ಹುಲ್ಲಿನಲ್ಲಿ ಹೊರಳಾಡಿದ. “ಮಾಮ, ನಾನು ದಾಟಿಬಿಟ್ಟೆ” ಎಂದು ಮತ್ತೆ ಮತ್ತೆ ಹೇಳಿದ. ಕರಿಗೊರಸ ಎದೆ ಉಬ್ಬಿಸಿದ. ಇಷ್ಟು ಸುಲಭದ ಕೆಲಸಕ್ಕೆ ಅಜ್ಜಿ ತಿಂಗಳುಗಟ್ಟಲೆ ಯಾಕೆ ಹಾಳುಮಾಡುತ್ತಾಳೆ ಎಂದು ನಕ್ಕ.

ಮಧ್ಯಾಹ್ನ ದಾಟಿದ ಮೇಲೆ ಇಬ್ಬರೂ ವಾಪಸು ಹೊರಟರು.

ಗಾಳಿ ತಿರುಗಿತ್ತು. ಗಂಡಿ ಈಗ ಉಸಿರು ಹೊರಕ್ಕೆ ಬಿಡುತ್ತಿತ್ತು. ಮತ್ತೆ ಅವರ ಬೆನ್ನಿಗೇ ತಣ್ಣಗೆ ಬಂತು. ಬಂಡೆ ಈಗ ಬಲಕ್ಕೆ, ಪ್ರಪಾತ ಎಡಕ್ಕೆ. ತಿರುವು ಕಳೆದೊಡನೆ ಒಂದು ನರಳಿಕೆ ಕೇಳಿಸಿತು. ಸಣ್ಣಗೆ, ಎಳೆದು ಎಳೆದು.

ಬೆಳಿಗ್ಗೆ ಕಂಡ ಮರ ಅಲ್ಲಿ ಇರಲಿಲ್ಲ. ಬೆಳಿಗ್ಗೆ ಅದು ನುಣುಪಾದ ಬಿಳಿ ಬೆನ್ನು. ಈಗ ಅಲ್ಲಿ ನಿಂತದ್ದಕ್ಕೆ ಬಾಯಿ ಇತ್ತು. ಉದ್ದಕ್ಕೆ ಸೀಳಿದ, ಕಪ್ಪಗಿನ ಪೊಳ್ಳು ಬಾಯಿ. ನರಳಿಕೆ ಅದರೊಳಗಿಂದ ಬರುತ್ತಿತ್ತು.

ಮಕ್ಕಳೇ, ಮರ ಅದೇ. ಅದು ಎಲ್ಲಿಗೂ ಹೋಗಿರಲಿಲ್ಲ. ಪೊಟರೆ ಇದ್ದದ್ದು ಅದರ ಆಚೆಯ ಪಕ್ಕದಲ್ಲಿ, ಗಾಳಿ ಹೊಕ್ಕಾಗ ಅದು ಕೂಗುತ್ತಿತ್ತು. ಕುದುರೆಯ ಕಣ್ಣುಗಳು ನಮ್ಮ ಹಾಗೆ ಮುಂದಕ್ಕೆ ಇಲ್ಲ, ತಲೆಯ ಎರಡು ಪಕ್ಕಗಳಲ್ಲಿವೆ. ಹೋಗುವಾಗ ಎಡಗಣ್ಣಿಗೆ ಕಂಡದ್ದು ಬರುವಾಗ ಬಲಗಣ್ಣಿಗೆ ಬೀಳುತ್ತದೆ. ಕೆಂದನ ಬಲಗಣ್ಣು ಅದನ್ನು ಯಾವತ್ತೂ ನೋಡಿರಲಿಲ್ಲ.

ಮೇಲಿನ ಬಂಡೆಯಿಂದ ಒಂದು ಅಕ್ಕರೆಯ ದನಿ ಬಂತು.

“ಪುಟ್ಟಾ, ಬೆಳಿಗ್ಗೆ ನೀನು ಕಂಡವನು ಅಣ್ಣ. ಇವನು ತಮ್ಮ. ಅಣ್ಣ ಹೋಗಲು ಬಿಡುತ್ತಾನೆ. ತಮ್ಮ ಬರಲು ಬಿಡುವುದಿಲ್ಲ.”

ಕಿರುಬಕ್ಕ ಅಲ್ಲಿ ಕುಳಿತಿದ್ದಳು. ಅವಳು ನೋಡುತ್ತಿದ್ದದ್ದು ಮರಿಯನ್ನಲ್ಲ. ಪ್ರಪಾತದ ತಳವನ್ನು.

ಕೆಂದ ಕಲ್ಲಾದ. ಅವನ ಮೈಯಿಂದ ಬೆವರು ಇಳಿಯುತ್ತಿತ್ತು. ಕರಿಗೊರಸ ತಲೆ ಹೊರಳಿಸಿ ಗದರಿದ. “ನಡಿ, ಅಂಜುಬುರುಕ. ಬೆಳಿಗ್ಗೆ ದಾಟಿದವನಿಗೆ ಈಗೇನಾಯಿತು?” ಮರಿ ಅಲುಗಲಿಲ್ಲ. ಕರಿಗೊರಸ ಸಿಟ್ಟಿನಿಂದ ಹಿಂಗಾಲನ್ನು ಬಂಡೆಗೆ ಅಪ್ಪಳಿಸಿದ. ಆ ಸದ್ದಿಗೆ ಕೆಂದ ಮರದಿಂದ ದೂರ ಸಿಡಿದ. ಎಡಕ್ಕೆ. ಅವನ ಒಂದು ಕಾಲು ಅಂಚಿನಿಂದ ಜಾರಿ ಕಲ್ಲುಗಳು ಉರುಳಿದವು. ಅವನು ಹೇಗೋ ಕಾಲನ್ನು ಮೇಲಕ್ಕೆ ಎಳೆದುಕೊಂಡ. ಕಲ್ಲುಗಳು ತಳ ಮುಟ್ಟಿದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

ಕಿರುಬಕ್ಕ ತುಟಿ ನೆಕ್ಕಿಕೊಂಡಳು. ಅವಳ ಮೈ ಹೇಗೆ ತುಂಬಿಕೊಂಡಿರುತ್ತದೆ ಎಂಬುದು ಆಗ ಕರಿಗೊರಸನಿಗೆ ತಿಳಿಯಿತು. ತಳದಲ್ಲಿ ಬೆಳ್ಳಗೆ ಬಿದ್ದದ್ದು ಏನೆಂಬುದೂ ತಿಳಿಯಿತು.

ಅವನು ಮರದತ್ತ ನೋಡಿದ. ಬಲಗಣ್ಣಿನಿಂದ. ಒಂದು ಕ್ಷಣ ಅವನ ಚರ್ಮವೂ ಅದುರಿತು. ಆ ಅದುರಿನ ಹಿಂದೆಯೇ ಏನೋ ನೆನಪಾಯಿತು: ಇದೇ ಜಾಗ, ಇದೇ ನರಳಿಕೆ, ತಾನು ಇಷ್ಟೇ ಸಣ್ಣವನು. ತನ್ನ ಮೂಗಿಗೆ ತಾಗಿಕೊಂಡ ಒಂದು ಬೂದಿ ಬಣ್ಣದ ಬೆಚ್ಚನೆ ಮೈ. ಹುಲ್ಲೇ ಇಲ್ಲದ ನೆಲದಲ್ಲಿ ಕರಕ್ ಕರಕ್ ಎಂದು ಮೇಯುವ ಸದ್ದು.

ಅವನಿಗೂ ಯಾರೋ ಕಲಿಸಿದ್ದರು. ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಕಲಿತದ್ದೇ ಅವನಿಗೆ ಮರೆತುಹೋಗಿತ್ತು.

ಕರಿಗೊರಸ ಗದರುವುದನ್ನು ಬಿಟ್ಟ. ತಿರುಗಲು ಜಾಗವಿರಲಿಲ್ಲ. ಅವನು ಹಿಂದು ಹಿಂದಕ್ಕೇ ಮೆಲ್ಲಗೆ ಸರಿದ, ಮರಿಯ ಮೂಗು ತನ್ನ ಬೆನ್ನಿಗೆ ತಾಗುವ ತನಕ. ಹಾಗೆ ಸರಿಯುವಾಗ ಅವನ ಹಿಂಗಾಲು ಚೂಪು ಕಲ್ಲಿನ ಸಂದಿಗೆ ಸಿಕ್ಕಿತು. ಮಿಂಚುವ ಕಪ್ಪು ಗೊರಸು ಅಂಚಿನಿಂದ ಮೇಲಕ್ಕೆ ಸೀಳಿತು. ಅವನು ಸದ್ದು ಮಾಡಲಿಲ್ಲ. ಸದ್ದು ಮಾಡಿದ್ದರೆ ಮರಿ ಮತ್ತೆ ಸಿಡಿಯುತ್ತಿತ್ತು.

ಅವನು ತಲೆ ತಗ್ಗಿಸಿ ಬರೀ ಬಂಡೆಯ ಮೇಲೆ ಮೇಯತೊಡಗಿದ. ಕರಕ್, ಕರಕ್.

ಹುಲಿ ಹತ್ತಿರವಿದ್ದರೆ ಯಾವ ಕುದುರೆಯೂ ಮೇಯುವುದಿಲ್ಲ. ಇದು ಮರಿಗೂ ಗೊತ್ತು. ಬಹಳ ಹೊತ್ತಿನ ಮೇಲೆ ಕೆಂದನ ಒಂದು ಕಿವಿ ಆ ಸದ್ದಿನ ಕಡೆ ಹೊರಳಿತು. ಆಮೇಲೆ ಇನ್ನೊಂದು. ಅವನ ಬಾಯಿ ಸಡಿಲವಾಯಿತು.

“ಹಿಂದಕ್ಕೆ ಹೋಗಬೇಕೆನಿಸಿದರೆ ಒಂದು ಹೆಜ್ಜೆ ಹೋಗು ಪುಟ್ಟಾ. ನಾನು ಇಲ್ಲೇ ಇರುತ್ತೇನೆ” ಎಂದ ಕರಿಗೊರಸ.

ಕೆಂದ ಒಂದು ಹೆಜ್ಜೆ ಹಿಂದೆ ಹೋದ. ಏನೂ ಆಗಲಿಲ್ಲ. ನಿಂತು ನೋಡಿ, ತಾನಾಗಿ ಮುಂದೆ ಬಂದ. ಮತ್ತೆ ಹಿಂದೆ, ಮತ್ತೆ ಮುಂದೆ. ಮೇಲಿನಿಂದ ಕಿರುಬಕ್ಕ ನಗುತ್ತಿದ್ದಳು. ಇಂಥ ನಡಿಗೆಯಲ್ಲಿ ಮಳೆಗಾಲಕ್ಕೆ ಮನೆ ಸೇರುತ್ತೀರಿ ಎಂದು ಅಣಕಿಸಿದಳು. ಕರಿಗೊರಸ ಮೇಯುತ್ತಲೇ ಇದ್ದ. ಬಿಸಿಲು ಬಂಡೆಯಿಂದ ಇಳಿಯತೊಡಗಿದಾಗ ಕೆಂದ ಕುತ್ತಿಗೆ ಚಾಚಿ, ಆ ಕಪ್ಪು ಬಾಯಿಯ ತುಟಿಗೆ ಮೂಗು ಹಚ್ಚಿದ.

“ಗೆದ್ದಲಿನ ವಾಸನೆ, ಮಾಮ” ಎಂದ.

ಸಂಜೆಯ ಬೆಳಕಿನಲ್ಲಿ ಇಬ್ಬರೂ ಹಿಂಡು ಸೇರಿದರು. ಕೆಂದನ ತಾಯಿ ಸುರಗಿ ಮರಿಯನ್ನು ಅಡಿಯಿಂದ ಮುಡಿಯ ತನಕ ಮೂಸಿದಳು. ಕರಿಗೊರಸನತ್ತ ತಿರುಗಿಯೂ ನೋಡಲಿಲ್ಲ. ಬೂದಜ್ಜಿ ಅವನ ಸೀಳಿದ ಗೊರಸನ್ನು ನೋಡಿದಳು. ಬಯ್ಯಲಿಲ್ಲ. ಕೆಸರಿನಲ್ಲಿ ಕಾಲಿಟ್ಟು ನಿಲ್ಲು, ಉರಿ ತಗ್ಗುತ್ತದೆ ಎಂದಳು.

ಸೀಳಿದ ಗೊರಸಿನಲ್ಲಿ ಆ ಕಲ್ಲುದಾರಿ ನಡೆಯುವಂತಿರಲಿಲ್ಲ. ಹಿಂಡು ಯಾರನ್ನೂ ಬಿಟ್ಟು ಹೋಗುವಂತೆಯೂ ಇರಲಿಲ್ಲ. ಹೀಗಾಗಿ ಆ ಬೇಸಿಗೆಯಲ್ಲಿ ಎಲ್ಲರೂ ಕೆಸರುನೀರು ಕುಡಿದು ಕಾದರು. ಕಾದದ್ದು ಮರಿಗಾಗಿ ಅಲ್ಲ, ಕರಿಗೊರಸನಿಗಾಗಿ. ಅಷ್ಟರಲ್ಲಿ ಬೂದಜ್ಜಿ ಕೆಮ್ಮುತ್ತಲೇ ಕೆಂದನಿಗೆ ಮೊದಲಿನಿಂದ ಕಲಿಸಿದಳು. ಕರಿಗೊರಸ ಗಂಡಿಯ ಬಾಯಿಯ ತನಕ ಕುಂಟುತ್ತ ಹೋಗಿ, ಅವಳು ಎಲ್ಲಿ ನಿಲ್ಲುತ್ತಾಳೆ, ಯಾವಾಗ ತಿರುಗುತ್ತಾಳೆ ಎಂದು ನೋಡುತ್ತ ನಿಲ್ಲುತ್ತಿದ್ದ.

ಕೊನೆಗೆ ಹಿಂಡು ಹೊರಟಿತು. ಬೂದಜ್ಜಿಯ ಹಿಂದೆ ಕೆಂದ, ಆಮೇಲೆ ಉಳಿದವರು, ಎಲ್ಲರಿಗಿಂತ ಹಿಂದೆ ಕರಿಗೊರಸ. ಕಿರುಬಕ್ಕ ಬಂಡೆಯ ಮೇಲೆ ಕಾದಿದ್ದಳು. ಅವಳ ಪಕ್ಕೆಲುಬುಗಳು ಈಗ ಎದ್ದು ಕಾಣುತ್ತಿದ್ದವು.

“ಪುಟ್ಟಾ, ತಮ್ಮ ನಿನ್ನನ್ನು ಕೇಳುತ್ತಿದ್ದ” ಎಂದಳು ಮೆಲ್ಲಗೆ.

“ಅಲ್ಲಿ ಇಬ್ಬರಿಲ್ಲ ಅಕ್ಕ, ಒಬ್ಬನೇ. ನಾನು ಎರಡೂ ಕಡೆಯಿಂದ ನೋಡಿದ್ದೇನೆ” ಎಂದ ಕೆಂದ. ನಡಿಗೆ ನಿಲ್ಲಿಸಲಿಲ್ಲ.

ಸಾಲು ತಿರುವಿನಲ್ಲಿ ಮರೆಯಾಯಿತು. ಕೊನೆಯಲ್ಲಿ ಉಳಿದ ಕರಿಗೊರಸ ಒಮ್ಮೆ ಹಿಂತಿರುಗಿ ನೋಡಿದ. ಕಿರುಬಕ್ಕ ಬಂಡೆಯಿಂದ ಇಳಿದು, ಬರಿದಾದ ದಾರಿಯಲ್ಲಿ ಒಬ್ಬಳೇ ನಿಂತಿದ್ದಳು. ಗಾಳಿ ತಿರುಗಿತು. ಮರ ನರಳಿತು. ಅವಳು ತಟ್ಟನೆ ಕಿವಿ ಸೆಟೆಸಿ ಅದರತ್ತ ನೋಡಿದಳು. ತಾನು ಅಷ್ಟು ದಿನ ಹೇಳಿದ ಕತೆ ನಿಜವಿರಬಹುದೇನೋ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದಳು.

ನೀತಿ: ಎಳೆಯರಿಗೆ ಧೈರ್ಯವನ್ನು ಅವಸರದಲ್ಲಿ ಕಲಿಸಬೇಡಿ. ಅವರ ಎರಡೂ ಕಣ್ಣು ನೋಡಿ ಮುಗಿಯುವ ತನಕ ಜೊತೆಗೆ ನಿಲ್ಲಿ. ನಿಮಗೂ ಹಿಂದೊಮ್ಮೆ ಯಾರೋ ಹಾಗೆ ನಿಂತಿದ್ದರು.